ಹುಡುಗ ಬೆಳೆಯುವಷ್ಟು ಹೊತ್ತು

ಪರದೆಯ ಮೇಲೆ ಹೆಸರುಗಳು ಬರತೊಡಗಿದರೆ ದೊಡ್ಡಮ್ಮನ ದವಡೆ ನಿಂತುಬಿಡುತ್ತಿತ್ತು. ಎಲೆಅಡಿಕೆ ಒಂದು ಕೆನ್ನೆಯಲ್ಲಿ ಉಬ್ಬಿಕೊಂಡು ಹಾಗೇ ಇರುತ್ತಿತ್ತು; ಹೆಸರುಗಳು ಮುಗಿದ ಮೇಲೇ ಮತ್ತೆ ಅಗಿಯುವುದು.

ಆಗಿನ ಎಷ್ಟೋ ಸಿನಿಮಾಗಳಲ್ಲಿ ಹುಡುಗ ಬೆಳೆಯುತ್ತಿದ್ದುದು ಟೈಟಲ್ ಓಡುವಾಗಲೇ. ಚಡ್ಡಿ ಹಾಕಿದ ಹುಡುಗ ಗದ್ದೆಯ ಬದುವಿನ ಮೇಲೆ ಓಡುತ್ತಾನೆ, ಕ್ಯಾಮೆರಾ ಕಾಲಿಗೆ ಇಳಿಯುತ್ತದೆ, ಸಂಗೀತ ನಿರ್ದೇಶಕರ ಹೆಸರು ಬಂದು ಹೋಗುವಷ್ಟರಲ್ಲಿ ಅದೇ ಕಾಲು ಪ್ಯಾಂಟಿನೊಳಗಿರುತ್ತದೆ. ಕಾಲ ಉಳಿಸುವ ಅಗ್ಗದ ತಂತ್ರ ಎಂದು ನಾನೀಗ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ದೊಡ್ಡಮ್ಮ ಹರಿಹರದಿಂದ ದಾವಣಗೆರೆಗೆ ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿ ಹೋಗುತ್ತಿದ್ದುದು ಅದನ್ನು ನೋಡಲಿಕ್ಕೇ. ಅವಳ ಒಬ್ಬನೇ ಮಗ, ನನ್ನ ವಾರಿಗೆಯವನು, ಒಂದನೇ ಕ್ಲಾಸಿನಲ್ಲಿದ್ದಾಗ ಜ್ವರ ಬಂದು ತೀರಿಕೊಂಡಿದ್ದ.

ಯುಗಾದಿಗೆ ನನಗೆ ಅವಳು ತರುತ್ತಿದ್ದ ಅಂಗಿ ಯಾವಾಗಲೂ ಒಂದು ಅಳತೆ ದೊಡ್ಡದು. ಅಮ್ಮ ಬೈದರೆ, “ಬೆಳಿತಾನೆ ಬಿಡು” ಎನ್ನುತ್ತಿದ್ದಳು.

ಒಮ್ಮೆ ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ನಾವು ಟಾಕೀಸು ಮುಟ್ಟುವಾಗ ತಡವಾಗಿತ್ತು. ಗೇಟಿನವನು, “ಬರ್ರಿ ಅಕ್ಕಾರೆ, ಹೆಸರಷ್ಟೇ ಹೋಗ್ಯಾವೆ, ಕತೆ ಪೂರಾ ಐತೆ” ಎಂದ.

“ಹುಡುಗ ದೊಡ್ಡವನಾದ್ನಾ?”

“ಆಗ್ಲೇ ಆದ. ಈಗ ಫೈಟಿಂಗ್ ನಡೆದೈತೆ.”

“ಹಂಗಾದ್ರೆ ಬ್ಯಾಡ ಬಿಡ್ರಿ. ನಡಿ ತಮ್ಮಾ.”

“ಅಲ್ರೀ, ಹೀರೋನ್ನ ಬಿಟ್ಟು ಮತ್ಯಾರನ್ನ ನೋಡೋಕೆ ಬಂದಿದ್ರಿ?”

ಅವನು ನಕ್ಕ. ದೊಡ್ಡಮ್ಮನೂ ನಕ್ಕಳು. ನಾನು ಅಳುತ್ತಿದ್ದೆ, ಮಂಡಕ್ಕಿ ಮಿರ್ಚಿ ಕೊಡಿಸಿ ವಾಪಸು ಬಸ್ಸು ಹತ್ತಿಸಿದಳು.

ಅಮ್ಮನ ಪ್ರಕಾರ ಅಂದು ನಾನು ಅಲ್ಲಿರಲೇ ಇಲ್ಲ, ದೊಡ್ಡಮ್ಮನ ಜೊತೆಗೆ ಹೋದವಳು ತಾನು. ಇರಬಹುದು. ಕೇಳಿದ್ದನ್ನು ಕಂಡದ್ದೆಂದು ಮನಸ್ಸು ನಂಬಿಸುತ್ತದೆ, ಇದನ್ನು ನಾನು ಓದಿಯೂ ಇದ್ದೇನೆ. ಆದರೂ ಆ ಮಿರ್ಚಿಯ ಖಾರವನ್ನು ಅಮ್ಮನಿಗೆ ಬಿಟ್ಟುಕೊಡಲು ಮನಸ್ಸಾಗುವುದಿಲ್ಲ.

ಹೋದ ವರ್ಷ ದೊಡ್ಡಮ್ಮ ದಾವಣಗೆರೆಯ ಪಿ.ಜೆ. ಬಡಾವಣೆಯ ಒಂದು ಆಸ್ಪತ್ರೆಯಲ್ಲಿ ಮಲಗಿದ್ದಾಗ, ಅಂಥದೇ ಹಳೆಯ ಸಿನಿಮಾ ಒಂದನ್ನು ಮೊಬೈಲಿನಲ್ಲಿ ಹಾಕಿ ಅವಳ ಮುಖದ ಹತ್ತಿರ ಹಿಡಿದೆ. ಟೈಟಲ್ ಬಿಟ್ಟು ಮುಂದಕ್ಕೆ ಹೋಗುವ ಬಟನ್ನೊಂದು ಮೂಲೆಯಲ್ಲಿ ಕಾಣಿಸಿಕೊಂಡಿತು; ಅದಕ್ಕೆ ಬೆರಳು ತಾಗದಂತೆ ಹುಷಾರಾಗಿದ್ದೆ. ಹುಡುಗ ಓಡತೊಡಗಿದ. ಕ್ಯಾಮೆರಾ ಕಾಲಿಗೆ ಇಳಿಯುವಾಗ ದೊಡ್ಡಮ್ಮ ನನ್ನ ಮಣಿಕಟ್ಟು ಹಿಡಿದಳು.

“ಸಾಕು ತಮ್ಮಾ, ನಿಲ್ಲಿಸು.”

“ಇನ್ನೇನು, ದೊಡ್ಡವನಾಗಿಬಿಡ್ತಾನೆ ದೊಡ್ಡಮ್ಮ.”

“ಬ್ಯಾಡ. ಹಿಂಗೇ ಇರ್ಲಿ. ಅಷ್ಟು ದೊಡ್ಡವನಾದ್ರೆ, ನಾ ಹೋದಾಗ ಗುರುತು ಹಿಡಿಯೋದು ಹೆಂಗೆ?”

ಸತ್ತ ಮೇಲೆ ಯಾರೂ ಯಾರನ್ನೂ ಕಾಣುವುದಿಲ್ಲ ಎಂದು ನಂಬಿದವನು ನಾನು. ನಿಲ್ಲಿಸಿದೆ. ಆ ವಾರವೇ ಅವಳು ತೀರಿಕೊಂಡಳು.

ಆ ಮಾತು ಕೇಳಿಸಿಕೊಳ್ಳಲು ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅಮ್ಮನಿಗೆ ನಾನಿನ್ನೂ ಹೇಳಿಲ್ಲ. ದೊಡ್ಡಮ್ಮ ಹಾಗೆಂದಿರಲಿಕ್ಕಿಲ್ಲ ಎಂದು ಅಮ್ಮ ಅಂದುಬಿಟ್ಟರೆ, ಇದೊಂದನ್ನು ತಿದ್ದಿಕೊಳ್ಳಲು ನನ್ನಿಂದಾಗದು.