ಸೈಕಲ್ ಅಂಗಡಿಯಲ್ಲಿ ರಿಪೇರಿಯಾದ ರಬ್ಬರ್ ಮೀನು

ಎಂಬತ್ತರ ದಶಕದ ನಡುವಿನಲ್ಲಿ, ಮಿಶ್ರಿಕೋಟಿಯ ಸೈಕಲ್ ರಿಪೇರಿಯವನ ಬಳಿ ಒಂದು ಮೆತ್ತನೆಯ ಪ್ಲಾಸ್ಟಿಕ್ ಮೀನಿತ್ತು. ಮುಂಬಯಿ ಬಂದರಿನಲ್ಲಿ ಕೆಲಸ ಮಾಡುತ್ತಿದ್ದ ಅವನ ಭಾವ ತಂದುಕೊಟ್ಟದ್ದು. ರಿಪೇರಿಯವನು ಅದನ್ನು ರಬ್ಬರ್ ಮೀನು ಎನ್ನುತ್ತಿದ್ದ. ಎರೆಹುಳದ ಬದಲು ಗಾಳಕ್ಕೆ ಸಿಕ್ಕಿಸಿ ನೀರಲ್ಲಿ ಎಳೆದರೆ ಬಾಲ ತಾನಾಗಿ ಅಲ್ಲಾಡುತ್ತಿತ್ತು. ನಮ್ಮ ಮನೆಯಲ್ಲಿ ಮೀನು ಬೇಯಿಸುವುದಿಲ್ಲ. ಆದರೂ ಆ ಬಾಲ ನೋಡಲೆಂದೇ ಭಾನುವಾರ ಅವನೊಂದಿಗೆ ಬಮ್ಮಿಗಟ್ಟಿ ಕೆರೆಗೆ ಹೋಗುತ್ತಿದ್ದೆ. ಜೀವವಿಲ್ಲದ ವಸ್ತು ಹಾಗೆ ಈಜಿದ್ದನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ.

ಕೆರೆಯ ಕೊರವ ಮೀನಿನ ಹಲ್ಲು ಹರಿತ. ಎರಡನೇ ವಾರಕ್ಕೇ ರಬ್ಬರ್ ಮೀನಿನ ತಲೆ ಸೀಳಿ, ಅದು ಗಾಳದ ಮೇಲೆ ಜಾರಿ ಮುದುಡತೊಡಗಿತು. ಇನ್ನೊಂದು ಸಿಗುವಂತಿರಲಿಲ್ಲ, ಭಾವ ಬರುವುದು ದೀಪಾವಳಿಗೆ.

ಅವನು ತನಗೆ ಗೊತ್ತಿದ್ದ ರಿಪೇರಿ ಮಾಡಿದ. ಸೀಳನ್ನು ಉಜ್ಜುಕಾಗದದಿಂದ ತಿಕ್ಕಿ, ಸೊಲ್ಯೂಶನ್ ಹಚ್ಚಿ, ಟ್ಯೂಬಿನ ತೇಪೆ ಅಂಟಿಸಿದ. ಕೆರೆಯಲ್ಲಿ ಅದು ಕಟ್ಟಿಗೆ ತುಂಡಿನಂತೆ ಸೆಟೆದುಕೊಂಡು ಬಂತು.

“ಏನಲೇ, ಮೀನಿಗೂ ಪಂಕ್ಚರ್ ಹಾಕೀಯೇನು? ಹಂಗಾರ ಗಾಳಿನೂ ಹೊಡಿ!” ಎಂದ, ದಡದಲ್ಲಿ ಎಮ್ಮೆ ತೊಳೆಯುತ್ತಿದ್ದವನೊಬ್ಬ.

“ನೀ ಸುಮ್ನ ಎಮ್ಮಿ ತಿಕ್ಕಲೇ,” ಎಂದ ರಿಪೇರಿಯವನು.

ವಾರದ ಮಧ್ಯದಲ್ಲಿ ಒಂದು ದಿನ ಅಂಗಡಿಗೆ ಹೋದಾಗ ಅವನು ತೇಪೆ ಕಿತ್ತುಹಾಕಿದ್ದ. ಚಕ್ರದ ಕಡ್ಡಿಯ ತುದಿಯನ್ನು ಸ್ಟೋವಿನಲ್ಲಿ ಕಾಯಿಸಿ, ಸೀಳಿನ ಎರಡೂ ಅಂಚಿಗೆ ಮುಟ್ಟಿಸಿ, ಬೆರಳಲ್ಲಿ ಒತ್ತಿ ಹಿಡಿದ. ಬೆರಳು ತೆಗೆದಾಗ ಸೀಳಿರಲಿಲ್ಲ. ನಾನು ಅದನ್ನು ಬೆಳಕಿಗೆ ಹಿಡಿದು ಹುಡುಕಿದೆ. ಗುರುತೂ ಇರಲಿಲ್ಲ.

“ಟ್ಯೂಬ್ ಅಲ್ರಿ ಇದು, ಮೇಣ ಇದ್ದಂಗ ಐತಿ. ಇದರ ತೇಪಿ ಇದರೊಳಗ ಐತಿ,” ಅಂದ.

ಆಮೇಲೆ ಗಾಳದ ನೆಟ್ಟಗಿನ ಕಾಲಿಗೆ ವಾಲ್ ಟ್ಯೂಬಿನ, ಅಂದರೆ ಸೈಕಲ್ಲಿಗೆ ಗಾಳಿ ಹೊಡೆಯುವ ಬಾಯಿಯ ತೆಳು ರಬ್ಬರ್ ಕೊಳವೆಯ, ಚೂರೊಂದನ್ನು ಬಿಗಿಯಾಗಿ ತೊಡಿಸಿದ, ಮೀನಿನ ತಲೆ ಅದರ ಮೇಲೆ ಹಿಡಿದು ನಿಲ್ಲಲಿ, ಜಾರದಿರಲಿ ಎಂದು. ಗಾಳದ ಮೊನೆಯನ್ನು ಬೆನ್ನಿನ ನಟ್ಟನಡುವೆಯೇ ಹೊರತೆಗೆದ. ನೂಲಿನಷ್ಟು ವಾರೆಯಾದರೂ ಮೀನು ನೀರಲ್ಲಿ ಗಿರಗಿರ ತಿರುಗುತ್ತದೆ, ತಿರುಗಿದರೆ ಹರಿಯುತ್ತದೆ.

ಆ ಭಾನುವಾರ ಬಾಲ ಮತ್ತೆ ಅಲ್ಲಾಡಿತು. ತಾವರೆ ಎಲೆಗಳ ಅಂಚಿನಲ್ಲಿ ನೀರು ಸಿಡಿಯಿತು. ದಡಕ್ಕೆ ಬಂದದ್ದು ಮೊಳದುದ್ದದ ಕೊರವ. ಎಮ್ಮೆಯವನು ಓಡಿಬಂದ. “ಅಬಬಬ, ಅಗದಿ ದೊಡ್ಡದೈತಲೇ!”

ರಿಪೇರಿಯವನು ಅತ್ತ ನೋಡಲಿಲ್ಲ. ಕೊರವದ ಬಾಯಿಯಿಂದ ಗಾಳ ಬಿಡಿಸಿ, ರಬ್ಬರ್ ಮೀನನ್ನು ತೊಳೆದು ನನ್ನ ಅಂಗೈಗಿಟ್ಟ. ಮೈತುಂಬ ಹಲ್ಲಿನ ಗುರುತು. ತಲೆ ಮಾತ್ರ ಕೂರಿಸಿದ ಜಾಗದಲ್ಲೇ, ಹರಿಯದೆ ಇತ್ತು.

“ದೀಪಾವಳಿ ಮುಟ್ಟತೈತೇನ್ರಿ ಇದು?” ಎಂದು ಕೇಳಿದ.

ನಾನು ಅದರ ಬಾಲವನ್ನು ಒಮ್ಮೆ ಬೆರಳಿನಿಂದ ಮೀಟಿ ನೋಡಿದೆ.

“ಮುಟ್ಟತೈತಿ,” ಅಂದೆ.