ತಾತನ ಅರ್ಧ ಗಡ್ಡ

ಇವತ್ತು ಸಲೂನಿನಲ್ಲಿ ಕೆನ್ನೆಗೆ ಪಟಿಕ ಸವರಿದಾಗ ಕುಂಬಾರಕೊಪ್ಪಲಿನ ನನ್ನ ಬಾಲ್ಯವೇ ಚುರ್ರೆಂದಿತು.

ಚುನಾವಣೆ ಬಂತೆಂದರೆ ನಮ್ಮ ತಾತನಿಗೂ ಕ್ಷೌರದ ಚಿಕ್ಕಣ್ಣನವರಿಗೂ ಪಕ್ಷದ ಜಗಳ. ಒಮ್ಮೆ ಒಂದು ಕೆನ್ನೆ ಮುಗಿಸಿ ಚಿಕ್ಕಣ್ಣ ಕತ್ತಿ ಕೆಳಗಿಟ್ಟರು.

“ನಮ್ ಪಕ್ಷಕ್ಕೇ ಓಟು ಅನ್ನಿ ಯಜಮಾನ್ರೇ, ಇನ್ನೊಂದ್ ಕೆನ್ನೆ ಮಾಡ್ತೀನಿ.”

“ಗಡ್ಡ ನಿನ್ ಕೈಲಿರ್ಬೋದು, ಓಟು ನನ್ ಕೈಲೈತೆ ಕಣೋ!” ಎಂದು ತಾತ ಎದ್ದು ಬಂದೇಬಿಟ್ಟರು. ಮುಖದ ಒಂದು ಕಡೆ ಆಡಳಿತ ಪಕ್ಷ, ಇನ್ನೊಂದು ಕಡೆ ವಿರೋಧ ಪಕ್ಷ!

ಮರುದಿನ ಬೆಳಿಗ್ಗೆಯೇ ತಾತನ ಮಗಳು, ನನ್ನ ಸೋದರತ್ತೆಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. “ಬೀಗರ ಮುಂದೆ ಹಿಂಗೇ ಕೂತ್ಕೊತೀರಾ?” ಎಂದು ಅಜ್ಜಿ ಹಣೆ ಚಚ್ಚಿಕೊಂಡರು. ತಾತ ಜಗ್ಗಲಿಲ್ಲ.

ಅಂದೇ ಸಂಜೆ ಚಿಕ್ಕಣ್ಣನವರೇ ಪೆಟ್ಟಿಗೆ ಹಿಡಿದು ಬಂದು ನೊರೆ ಹಚ್ಚಿದರು. “ಓಟು ಯಾರ್ಗಾದ್ರೂ ಆಕ್ಕೊಳ್ಳಿ. ನಮ್ ಮಗೀನ ಮದ್ವೆ ಮಾತು, ಮುಖ ತಿರುಗ್ಸಿ.”

ಇವತ್ತಿನ ಸಲೂನಿನಲ್ಲಿ ಯಾವ ಪಕ್ಷವೆಂದು ಯಾರೂ ಕೇಳಲಿಲ್ಲ. ಕೆನ್ನೆ ನುಣ್ಣಗಾಯಿತು, ಮನಸ್ಸು ಸಪ್ಪಗಾಯಿತು.