ರೋಗ ಸಾಕುವ ಬೂದಿಯಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗಾಜಿನ ಮನೆಯ ಫ್ಯಾನುಗಳನ್ನು ಆರಿಸಿ, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಅವರು ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಎಡಗೈಯಲ್ಲಿ ಬಿಳಿ ಹಿಟ್ಟು ಮೆತ್ತಿದಂಥ ಒಂದು ಸೇಬಿನ ಎಲೆ. ಬಲಗೈಯಲ್ಲಿ ಮಕ್ಕಳು ಚಿತ್ರಕ್ಕೆ ಬಣ್ಣ ಬಳಿಯುವಂಥ ಮೆತ್ತನೆಯ ಕುಂಚ. ಕುಂಡದಲ್ಲಿರುವ ಸಸಿಯ ತುದಿಯ ಎಳೆ ಎಲೆಗಳ ಮೇಲೆ ಆ ರೋಗದೆಲೆಯನ್ನು ಹಿಡಿದು, ಕುಂಚದಿಂದ ಮೆಲ್ಲಗೆ ತಟ್ಟುತ್ತಾರೆ. ನಮ್ಮ ಕಣ್ಣಿಗೆ ಏನೂ ಕಾಣುವುದಿಲ್ಲ. “ಬಿತ್ತು” ಎನ್ನುತ್ತಾರೆ, ಹಠ ಮಾಡುತ್ತಿದ್ದ ಮಗುವಿಗೆ ಕೊನೆಗೂ ನಿದ್ದೆ ಬಂತು ಎನ್ನುವ ದನಿಯಲ್ಲಿ. ಆಮೇಲೆ ಮುಂದಿನ ಕುಂಡ.

ಬಿಸಿಲು ಗಾಜಿಗೆ ತಾಗಿದರೆ ಒಳಗಿನ ಗಾಳಿ ಅಲುಗಾಡಿ ಪುಡಿ ಎಲ್ಲೆಂದರಲ್ಲಿ ಹಾರುತ್ತದೆ. ಅದಕ್ಕೇ ಈ ಕೆಲಸ ಹೊತ್ತು ಮೂಡುವ ಮೊದಲೇ ಮುಗಿಯಬೇಕು. ಒಂದು ಸಾಲು ಮುಗಿದ ಮೇಲೆ ಅವರು ಮಗುಚಿ ಹಾಕಿದ ಬಕೆಟ್ಟಿನ ಮೇಲೆ ಕುಳಿತು, ಎರಡೂ ಕೈಗಳನ್ನು ಹೊಟ್ಟೆಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಾರೆ. “ಒಂದು ನಿಮಿಷ ಮೇಡಂ. ನೀವೂ ಕೂತ್ಕೊಳ್ಳಿ. ನಿಂತವರನ್ನ ನೋಡಿದ್ರೂ ನಂಗೆ ಸುಸ್ತಾಗುತ್ತೆ ಈಗೀಗ.”

ಇದು ಹಣ್ಣಿನ ಮರಗಳ ಒಂದು ಸಂಶೋಧನಾ ಕೇಂದ್ರ. ಇಲ್ಲಿ ಎಲ್ಲರಿಗೂ ಅವರು ಬೂದಿಯಕ್ಕ. ಸೇಬಿನ ಚಿಗುರಿನ ಮೇಲೆ ಬೂದಿ ಎರಚಿದಂತೆ ಹಬ್ಬಿ, ಎಲೆಯನ್ನು ಮುರುಟಿಸಿ, ಹೂವನ್ನು ಹಾಳುಗೆಡಹುವ ಶಿಲೀಂಧ್ರಕ್ಕೆ ಬೂದಿ ರೋಗ ಎಂದು ಹೆಸರು. ತೋಟದವರು ಔಷಧಿ ಹೊಡೆದು ಓಡಿಸುವ ಆ ರೋಗವನ್ನು ಇವರು ಇಪ್ಪತ್ತೆರಡು ವರ್ಷಗಳಿಂದ ಜೋಪಾನವಾಗಿ ಸಾಕುತ್ತಿದ್ದಾರೆ. “ಹಾವಿಗೆ ಹಾಲೆರೆಯೋದು ಅಂತಾರಲ್ಲ, ಅದೇ ನನ್ನ ಕೆಲಸ. ಹಾವಾದ್ರೂ ಬುಸ್ ಅಂತ ಒಂದು ಮಾತಾಡುತ್ತೆ. ಇದಕ್ಕೆ ಅದೂ ಇಲ್ಲ” ಎಂದು ನಗುತ್ತಾರೆ. ನಗು ಅರ್ಧಕ್ಕೇ ನಿಲ್ಲುತ್ತದೆ.

ರೋಗವನ್ನು ಯಾಕೆ ಸಾಕಬೇಕು? ಕಾಡುಸೇಬಿನ ಮರಗಳಲ್ಲಿ ರೋಗವನ್ನು ಗುರುತು ಹಿಡಿಯುವ ವಂಶವಾಹಿಗಳಿರುತ್ತವೆ. ಗೇಟಿನಲ್ಲಿ ನಿಂತ ಕಾವಲುಗಾರರಂತೆ ಅವು. ಒಂದೊಂದಕ್ಕೆ ಒಂದೊಂದು ಮುಖದ ಪರಿಚಯ. ಬೀಜದಿಂದ ಬೀಜಕ್ಕೆ ಸಾಗುವಾಗ ಇವುಗಳ ಪ್ರತಿಗಳು ಹೆಚ್ಚುತ್ತವೆ, ಪ್ರತಿಗಳಲ್ಲಿ ತಪ್ಪುಗಳು ನುಸುಳುತ್ತವೆ. ಬಹುಪಾಲು ತಪ್ಪುಗಳು ದಂಡ. ಎಷ್ಟೋ ಸಾವಿರ ವರ್ಷಕ್ಕೊಮ್ಮೆ ಯಾವುದೋ ಒಂದು ತಪ್ಪು ಹೊಸ ಶತ್ರುವಿನ ಮುಖವನ್ನು ಗುರುತಿಸಲು ಕಲಿತುಬಿಡುತ್ತದೆ. ಆದರೆ ನಾವು ತಿನ್ನುವ ಸೇಬಿನ ಮರ ಬೀಜದಿಂದ ಬಂದದ್ದಲ್ಲ, ಕಸಿ ಕಟ್ಟಿದ್ದು. ಅಜ್ಜನ ತೋಟದಲ್ಲಿದ್ದ ಮರವೇ ಮೊಮ್ಮಗನ ತೋಟದಲ್ಲೂ ನಿಂತಿರುತ್ತದೆ, ಹೆಚ್ಚುಕಡಿಮೆ ಹಾಗೆಯೇ. ಶಿಲೀಂಧ್ರ ಮಾತ್ರ ಒಂದೇ ಬೇಸಿಗೆಯಲ್ಲಿ ಹಲವು ತಲೆಮಾರು ದಾಟಿ ವೇಷ ಬದಲಿಸುತ್ತದೆ.

“ಮರ ನಿಂತಲ್ಲೇ ನಿಂತಿದೆ, ಕಳ್ಳ ಓಡ್ತಾನೇ ಇದಾನೆ. ಮರದ ಪರವಾಗಿ ಓಡೋಕೆ ನಾವು ಬೇಕು” ಎನ್ನುವುದು ಬೂದಿಯಕ್ಕನ ವಿವರಣೆ.

ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೇಂದ್ರವು ಕಾಡುಮರದ ಒಂದು ವಂಶವಾಹಿಯನ್ನು ಸಿಹಿಸೇಬಿನೊಳಗೆ ತಂದಿತ್ತು. ಕೆಲವು ವರ್ಷ ಆ ಮರಗಳು ಕನ್ನಡಿಯಂತೆ ಇದ್ದವು. ಆಮೇಲೊಂದು ಬೇಸಿಗೆ ಅವುಗಳ ಮೇಲೂ ಬೂದಿ ಕಾಣಿಸಿಕೊಂಡಿತು. ಒಬ್ಬ ಕಾವಲುಗಾರ ಸಾಲದು ಎಂದು ಈಗ ಎರಡು ವಂಶವಾಹಿಗಳನ್ನು ಒಂದೇ ಮರದಲ್ಲಿ ಸೇರಿಸುವ ಪ್ರಯತ್ನ ನಡೆದಿದೆ. ಯಾವ ಸಸಿಯಲ್ಲಿ ಎರಡೂ ಇವೆ ಎಂದು ನೋಡಲು ಎರಡು ಬಗೆಯ ಬೂದಿ ಬೇಕು: ಮೊದಲನೆಯ ಕಾವಲನ್ನು ದಾಟುವುದೊಂದು, ಎರಡನೆಯದನ್ನು ದಾಟುವುದು ಇನ್ನೊಂದು. ಎರಡನ್ನೂ ತಡೆದುಕೊಂಡ ಸಸಿ ಪಾಸು. ನೂರು ಸಸಿಗಳಿಗೆ ಹಚ್ಚಿದರೆ ಕಾಲುಭಾಗ ಉಳಿದರೂ ಪುಣ್ಯ. ಸೋತವನ್ನು ಬೇರುಸಹಿತ ಕಿತ್ತು ಬುಟ್ಟಿಗೆ ಹಾಕುವುದೂ ಬೂದಿಯಕ್ಕನದೇ ಕೆಲಸ.

ಬೂದಿಗಳಿಗೆ ಅವರೇ ಇಟ್ಟ ಹೆಸರುಗಳಿವೆ. ಒಂದು ಸೊಸೆ. “ಮೆತ್ತಗೆ ಒಳಗೆ ಬಂದು ಮನೇನೇ ತನ್ನದು ಮಾಡ್ಕೊಂಡ್ಳು, ಅದಕ್ಕೆ.” ಇನ್ನೊಂದು ಕಳ್ಳಿ. ಎರಡಕ್ಕೂ ಬೇರೆ ಬೇರೆ ಕೋಣೆ, ಬೇರೆ ಕೋಟು, ಬೇರೆ ಕುಂಚ. ಬೂದಿ ರೋಗ ಜೀವಂತ ಎಲೆಯ ಮೇಲಲ್ಲದೆ ಬದುಕುವುದಿಲ್ಲ. ತಣ್ಣನೆಯ ಪೆಟ್ಟಿಗೆಯಲ್ಲಿ ಇಟ್ಟು ನೋಡಿದ್ದಾಯಿತು, ಉಳಿಯಲಿಲ್ಲ. ಹತ್ತು ಹನ್ನೆರಡು ದಿನಕ್ಕೊಮ್ಮೆ ಹೊಸ ಚಿಗುರಿಗೆ ದಾಟಿಸದಿದ್ದರೆ ಅದು ಮುಗಿದಂತೆ. ತೋಟಗಳಲ್ಲಿ ಬೂದಿಗೇನೂ ಬರವಿಲ್ಲ. ಆದರೆ ಅಲ್ಲಿರುವುದು ಕಲಬೆರಕೆ. ಅದರಿಂದ ಬೇಕಾದ ಒಂದನ್ನೇ ಬೇರ್ಪಡಿಸಿ ಶುದ್ಧವಾಗಿ ಬೆಳೆಸಲು ವರ್ಷಗಟ್ಟಲೆ ಹಿಡಿಯುತ್ತದೆ.

ಹೀಗಾಗಿ ಬೂದಿಯಕ್ಕ ಒಂದು ವಾರಕ್ಕಿಂತ ಹೆಚ್ಚು ದಿನ ಎಲ್ಲಿಗೂ ಹೋದವರಲ್ಲ. ತಂಗಿಯ ಹೆರಿಗೆಗೆ ಹೋಗಿ ಮಗುವಿನ ಮುಖ ನೋಡಿ ಮರುದಿನವೇ ಬಸ್ಸು ಹತ್ತಿದ್ದರು. ಮನೆಯಲ್ಲಿ ರಾತ್ರಿಪಾಳಿಯ ಗಂಡ, ಕಾಲೇಜಿನ ಮಗಳು, ಮೊಣಕಾಲು ನೋವಿನ ಅತ್ತೆ. “ಊರ ರೋಗಕ್ಕೆಲ್ಲ ಉಣ್ಣೋಕಿಕ್ತಾಳೆ, ನನ್ನ ಮಂಡಿಗೆ ಎಣ್ಣೆ ಹಚ್ಚೋಕೆ ಇವಳಿಗೆ ಪುರುಸೊತ್ತಿಲ್ಲ” ಎಂದು ಅತ್ತೆ ನನ್ನೆದುರೇ ದೂರಿದರು. ಬೂದಿಯಕ್ಕ ಎಣ್ಣೆ ಬಟ್ಟಲು ತಂದು ಕುಳಿತರು. ಎಣ್ಣೆ ತಿಕ್ಕುತ್ತಲೇ ತೂಕಡಿಸಿದರು. ಅತ್ತೆ ಆಗ ದನಿ ತಗ್ಗಿಸಿ, “ನೋಡಿ, ಹೀಗೆ. ಕೂತಲ್ಲಿ ನಿದ್ದೆ. ಮುಖದಲ್ಲಿ ರಕ್ತವೇ ಇಲ್ಲ. ಇವಳಿಗೆ ಹೇಳೋರು ಯಾರು?” ಎಂದರು.

ಹೇಳಿದವರಿದ್ದಾರೆ. ತಿಂಗಳಲ್ಲಿ ಅರ್ಧದಷ್ಟು ದಿನ ರಕ್ತಸ್ರಾವ, ಗರ್ಭಕೋಶದಲ್ಲಿ ಗಡ್ಡೆ. ತೆಗೆಸಲೇಬೇಕೆಂದು ವೈದ್ಯೆ ಹೇಳಿ ಒಂದೂವರೆ ವರ್ಷವಾಯಿತು. ಮೂರು ಸಲ ದಿನ ನಿಗದಿಯಾಗಿ ಮೂರು ಸಲವೂ ಬೂದಿಯಕ್ಕ ಹೋಗಲಿಲ್ಲ. ಕೊನೆಯ ಬಾರಿ ವೈದ್ಯೆ ಸಿಟ್ಟಾಗಿ, ಇನ್ನು ತಡಮಾಡಿದರೆ ಶಸ್ತ್ರಚಿಕಿತ್ಸೆಗೆ ಮೊದಲು ರಕ್ತ ಕೊಡಬೇಕಾಗುತ್ತದೆ ಎಂದರಂತೆ. “ಭಯ ಇಲ್ಲ ಅಂತಲ್ಲ. ಆದ್ರೆ ಇವೆರಡನ್ನ ಯಾರ ಕೈಗೆ ಕೊಟ್ಟು ಹೋಗ್ಲಿ?”

ಆ ಅಂಜಿಕೆಗೆ ಕಾರಣವಿದೆ. ಮೊದಲು ಬೂದಿಗಳು ಮೂರಿದ್ದವು. ಮೂರನೆಯದು ಎಲ್ಲಕ್ಕಿಂತ ಹಳೆಯದು, ಯಾವ ಕಾವಲನ್ನೂ ದಾಟಲು ಕಲಿಯದ ಕಾಲದ್ದು, ಹೆಸರು ಅಜ್ಜಿ. ಹೊಸವು ಎಷ್ಟು ಬದಲಾಗಿವೆ ಎಂದು ತಿಳಿಯಲು ಅದಕ್ಕೆ ಹೋಲಿಸಿ ನೋಡುತ್ತಿದ್ದರು. ಹೋದ ವರ್ಷ ಬೂದಿಯಕ್ಕ ಜ್ವರ ಬಂದು ಮಲಗಿದ್ದಾಗ, ಗಾಜಿನ ಮನೆ ಗುಡಿಸುವ ಹೆಂಗಸು ಅಜ್ಜಿಯ ಕೋಣೆಗೆ ಹೋದರು. ಎಲೆಗಳ ಮೇಲೆಲ್ಲ ಬಿಳಿ ಧೂಳು. ಅಕ್ಕ ಬರುವಷ್ಟರಲ್ಲಿ ಚೊಕ್ಕಟವಾಗಿರಲಿ ಎಂದು, ಒಂದೊಂದೇ ಎಲೆಯನ್ನು ಒದ್ದೆಬಟ್ಟೆಯಿಂದ ಒರೆಸಿಟ್ಟರು. ಅಂದಿನಿಂದ ಕೇಂದ್ರದಲ್ಲಿ ಆ ಹೆಂಗಸಿಗೆ ಒದ್ದೆಬಟ್ಟೆ ಎಂದೇ ಹೆಸರು.

“ಫಳಫಳ ಹೊಳೀತಿತ್ತು ಗಿಡ. ಅವಳು ಪಕ್ಕದಲ್ಲಿ ನಿಂತು, ಹೇಗಿದೆ ಅಕ್ಕ ಅಂತ ಕೇಳಿದ್ಲು” ಎನ್ನುತ್ತಾರೆ ಬೂದಿಯಕ್ಕ. “ಬೈಯೋಕೂ ಬಾಯಿ ಬರ್ಲಿಲ್ಲ. ಅಷ್ಟು ಅಕ್ಕರೆಯಿಂದ ನನ್ನ ಕೆಲಸ ಯಾರೂ ಮಾಡಿರ್ಲಿಲ್ಲ ಮೇಡಂ.”

ಈಗ ಅವರು ಕೆಲಸ ಕಲಿಸಲು ಆರಿಸಿಕೊಂಡಿರುವುದು ಅದೇ ಒದ್ದೆಬಟ್ಟೆಯನ್ನು. ಬೇರೆ ಯಾರೂ ಸಿಗಲಿಲ್ಲವೇ ಎಂದರೆ, “ತಪ್ಪು ಮಾಡಿ ಅತ್ತೋಳು ಮತ್ತೆ ಮಾಡಲ್ಲ. ತಪ್ಪು ಮಾಡಿ ನಕ್ಕೋರು ಇಲ್ಲಿ ಬೇಕಾದಷ್ಟು ಜನ ಇದಾರೆ” ಎನ್ನುತ್ತಾರೆ. ಕಳ್ಳಿಯ ಕೋಣೆಯಲ್ಲಿ ಪಾಠ ನಡೆದ ದಿನ ನಾನು ಗಾಜಿನ ಹೊರಗೆ ನಿಂತಿದ್ದೆ.

“ಉಸಿರು ಬಿಡಬೇಡ ಈಗ.”

“ಸತ್ತೋಗ್ತೀನಿ ಅಕ್ಕ.”

“ನೀನು ಸತ್ರೆ ಇನ್ನೊಬ್ಬಳು ಸಿಗ್ತಾಳೆ. ಕಳ್ಳಿ ಸತ್ರೆ ಸಿಗಲ್ಲ. ಕೆಳಗಿನ ಎಲೆ ಯಾಕೆ ಮುಟ್ತೀಯ? ಮುದಿ ಎಲೆಗೆ ಹತ್ತಲ್ಲ ಅಂದಿಲ್ವಾ?”

“ನಮ್ಮತ್ತೆ ಕೂಡ ಹೀಗೆ ಬೈದಿಲ್ಲ ನನ್ನ.”

“ನಿಮ್ಮತ್ತೆಗೆ ಪುರುಸೊತ್ತಿರ್ಲಿಲ್ಲ ಅಂತ ಕಾಣುತ್ತೆ. ತಟ್ಟು. ಮೆಲ್ಲಗೆ. ಮಗು ಬೆನ್ನು ತಟ್ಟೋ ಹಾಗೆ ತಟ್ಟು ಅಂದ್ರೆ ಕದ ತಟ್ತಾಳೆ!”

ತಟ್ಟಿದ ಬೂದಿ ಹತ್ತಿತೋ ಇಲ್ಲವೋ ಎಂದು ತಿಳಿಯಲು ವಾರವಾದರೂ ಬೇಕು. ಆ ದಿನಗಳು ಇಬ್ಬರಿಗೂ ಕಷ್ಟದವು. ಒದ್ದೆಬಟ್ಟೆ ದಿನಾ ಬೆಳಿಗ್ಗೆ ಕೋಣೆಯಲ್ಲಿ ಇಣುಕಿ, ಏನೂ ಕಾಣದೆ ಹಿಂದಿರುಗುವರು. ಬೂದಿಯಕ್ಕ ಆ ಕಡೆಗೆ ತಲೆಯೇ ಹಾಕಲಿಲ್ಲ. ರಕ್ತ ಹೆಚ್ಚಿಸುವ ಮಾತ್ರೆ ನುಂಗಿ, ಸೊಸೆಯ ಕೋಣೆ ಮುಗಿಸಿ, ಬಕೆಟ್ಟಿನ ಮೇಲೆ ಕುಳಿತರು. ಏಳಲು ಕಂಬ ಹಿಡಿಯಬೇಕಾಯಿತು.

ಎಂಟನೆಯ ದಿನ ಒದ್ದೆಬಟ್ಟೆ ಬಂದು ಅವರ ತೋಳು ಹಿಡಿದು ಕರೆದೊಯ್ದರು. ತುದಿಯ ಎಲೆಯ ಮೇಲೆ ಸಾಸಿವೆಯಷ್ಟು ಬಿಳಿ. ಇನ್ನೊಂದರ ಮೇಲೆ ಎರಡು. ಬೂದಿಯಕ್ಕ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಬೇರೆ ಬೂದಿ ಬೆರೆತಿದ್ದರೆ ತಿಳಿಯಲೆಂದು ಪಕ್ಕದಲ್ಲಿ ಇಟ್ಟಿದ್ದ, ಕಳ್ಳಿಗೆ ಬಗ್ಗದ ಸಸಿಯನ್ನೂ ಎಲೆ ಎಲೆ ತಿರುವಿ ನೋಡಿದರು. ಅದು ಹಸಿರಾಗಿಯೇ ಇತ್ತು.

“ಹಿಡ್ಕೊಂಡಿದೆ” ಎಂದರು. “ಶುದ್ಧವಾಗಿದೆ.” ಒದ್ದೆಬಟ್ಟೆ ಸೆರಗಿನಿಂದ ಕಣ್ಣೊರೆಸಿಕೊಳ್ಳುವಾಗ, “ಅದನ್ನ ಒರೆಸ್ಕೋ, ಎಲೆ ಮುಟ್ಟಬೇಡ” ಎಂದು ಗದರಿದರು. ಆಮೇಲೆ ಹೊರಗೆ ಬಂದು ಕೈ ತೊಳೆದು, ಮಗಳಿಗೆ ಫೋನು ಮಾಡಿ, ಆಸ್ಪತ್ರೆಯಲ್ಲಿ ದಿನ ಕೇಳು ಎಂದರು.

ಈ ಲೇಖನ ಅಚ್ಚಾಗುವ ಹೊತ್ತಿಗೆ ಅವರು ವಾರ್ಡಿನಲ್ಲಿರುತ್ತಾರೆ. ನಿಮ್ಮ ಆಸೆ ಏನು ಎಂದು ಕೇಳಿದ್ದಕ್ಕೆ, ಎರಡು ಕಾವಲಿನ ಆ ಹೊಸ ಸೇಬಿನ ಬಗ್ಗೆ ಏನಾದರೂ ಹೇಳಬಹುದೆಂದು ನಾನು ಕಾದೆ. ಅವರು “ಮಲಗಬೇಕು” ಎಂದರು. “ನಿದ್ದೆ ಬರದಿದ್ರೂ ಪರವಾಗಿಲ್ಲ, ಸುಮ್ನೆ ಮಲಗಿರಬೇಕು.”

ಕೊನೆಯ ತಪಾಸಣೆಗೆ ನಾನೂ ಜೊತೆಗೆ ಹೋಗಿದ್ದೆ. ಈ ಹೆಂಗಸು ಒಪ್ಪುವುದಿಲ್ಲ ಎಂದುಕೊಂಡೇ ಇರಬೇಕು, ವೈದ್ಯೆ ದನಿ ಗಡುಸು ಮಾಡಿಕೊಂಡು ಹೇಳಿದರು: “ಆಪರೇಷನ್ ಆದ್ಮೇಲೆ ಆರು ವಾರ ಬಗ್ಗೋ ಹಾಗಿಲ್ಲ, ಭಾರ ಎತ್ತೋ ಹಾಗಿಲ್ಲ, ಮನೆಕೆಲಸ ಕೂಡ ಮುಟ್ಟೋ ಹಾಗಿಲ್ಲ. ಗೊತ್ತಾಯ್ತಾ?”

ಬೂದಿಯಕ್ಕ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು.

“ಎಂಟು ಅಂತ ಬರ್ಕೊಡಿ ಡಾಕ್ಟ್ರೇ.”